ನೆಟ್‌ವರ್ಕ್ ಎಲಿಮೆಂಟ್‌ಗಳನ್ನು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆಯುವುದು ಹೇಗೆ

"ಸ್ಕೀಮಾ ಚೆಕ್ ಪಾಸಾಗಿದೆ, ಆದರೂ ಎನ್‌ಎಂಎಸ್ ಫೈಲನ್ನು ತಗೊಳ್ತಿಲ್ಲ, ಯಾಕೆ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. (ಎನ್‌ಎಂಎಸ್ ಅಂದರೆ ಜಾಲ ನಿರ್ವಹಿಸುವ ಸಾಫ್ಟ್‌ವೇರ್, ಸ್ಕೀಮಾ ಅಂದರೆ ಫೈಲ್ ಹೇಗಿರಬೇಕು ಎಂಬ ನಿಯಮ; ವಿವರ ಕೆಳಗಿದೆ.) ಕೆಲವರು ಅದಕ್ಕೂ ಮುಂಚಿನ ಹಂತದಲ್ಲಿ ನಿಂತು ಕೇಳುತ್ತಾರೆ: ನೂರಾರು ಬೇಸ್ ಸ್ಟೇಷನ್, ರೂಟರ್, ಲಿಂಕ್ ಎಲ್ಲವನ್ನೂ ಫೈಲಿಗೆ ಇಳಿಸಬೇಕು, ಎಲ್ಲಿಂದ ಶುರು ಮಾಡಲಿ? ಎರಡಕ್ಕೂ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ಯಾಗ್ ತಪ್ಪಾದರೆ ಪಾರ್ಸರ್, ಅಂದರೆ ಫೈಲ್ ಓದಿ ಬಿಡಿಸುವ ಪ್ರೋಗ್ರಾಂ, ಸಾಲಿನ ನಂಬರ್ ಸಮೇತ ತೋರಿಸಿಕೊಡುತ್ತದೆ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ದಿನಗಟ್ಟಲೆ ತಲೆ ತಿನ್ನುವುದು ಹೆಸರುಗಳು, ಮತ್ತು ಒಂದು ಹೆಸರು ಇನ್ನೊಂದನ್ನು ತೋರಿಸುವ ಜಾಗಗಳು. ಹಾಗಾಗಿ ಈ ಲೇಖನದ ಜಾಸ್ತಿ ಭಾಗ ಅದಕ್ಕೇ ಹೋಗಿದೆ.

ಮೊದಲು ಕೆಲವು ಪದಗಳು

ನೆಟ್‌ವರ್ಕ್ ಎಲಿಮೆಂಟ್, ಚಿಕ್ಕದಾಗಿ ಎನ್‌ಇ. ಜಾಲದಲ್ಲಿ ಒಂದು ಘಟಕ ಅಂತ ಗುರುತಿಸಿ ನಿರ್ವಹಿಸಬಹುದಾದ ಸಾಧನ: ಬೇಸ್ ಸ್ಟೇಷನ್, ರೂಟರ್, ಮೈಕ್ರೋವೇವ್ ರೇಡಿಯೋ, ಕೋರ್ ಜಾಲದ ಒಂದು ನೋಡ್. ಎನ್‌ಎಂಎಸ್ ಅಂದರೆ ಇಡೀ ಜಾಲವನ್ನು ನೋಡಿಕೊಳ್ಳುವ ಸಾಫ್ಟ್‌ವೇರ್. ಒಂದು ಕಂಪನಿಯ ಅಥವಾ ಒಂದು ಬಗೆಯ ಸಾಧನಗಳನ್ನಷ್ಟೇ ನೋಡಿಕೊಳ್ಳುವುದು ಇಎಂಎಸ್. ಎಕ್ಸ್‌ಎಂಎಲ್ ಅಂದರೆ ಮಾಹಿತಿಯನ್ನು ಟ್ಯಾಗ್ ಎಂಬ ಗುರುತುಗಳ ನಡುವೆ ಬರೆಯುವ ಪಠ್ಯ ರೂಪ; ಟ್ಯಾಗಿನೊಳಗೇ ಹೆಸರು="ಮೌಲ್ಯ" ಅಂತ ಬರೆಯುವುದು ಆಟ್ರಿಬ್ಯೂಟ್. ಸ್ಕೀಮಾ ಅಂದರೆ ಯಾವ ಟ್ಯಾಗ್ ಎಲ್ಲಿ ಬರಬಹುದು, ಒಳಗೆ ಎಂಥ ಮೌಲ್ಯ ಇರಬಹುದು ಎಂದು ಹೇಳುವ ನಿಯಮದ ಫೈಲ್. ಸಾಮಾನ್ಯವಾಗಿ ಅದು ಎಕ್ಸ್‌ಎಸ್‌ಡಿ ರೂಪದಲ್ಲಿರುತ್ತದೆ. ನೇಮ್‌ಸ್ಪೇಸ್ ಅಂದರೆ ಒಂದು ಟ್ಯಾಗ್ ಯಾರ ಪದಕೋಶಕ್ಕೆ ಸೇರಿದ್ದು ಎಂದು ಗುರುತಿಸುವ ವಿಳಾಸದಂಥ ಹೆಸರು.

ಎಕ್ಸ್‌ಎಂಎಲ್‌ನಲ್ಲೂ ಎಲಿಮೆಂಟ್ ಇದೆ, ಜಾಲದಲ್ಲೂ ಎಲಿಮೆಂಟ್ ಇದೆ. ಗೊಂದಲ ಬೇಡ ಅಂತ ಕೆಳಗೆ ಮೊದಲನೆಯದನ್ನು ಟ್ಯಾಗ್ ಅಂತಲೂ ಎರಡನೆಯದನ್ನು ಎನ್‌ಇ ಅಂತಲೂ ಕರೆಯುತ್ತೇನೆ. ಉದಾಹರಣೆಗಳಲ್ಲಿ ಟ್ಯಾಗ್‌ಗಳ ಹೆಸರು ಕನ್ನಡದಲ್ಲೇ ಇವೆ. ಎಕ್ಸ್‌ಎಂಎಲ್ ನಿಯಮ ಇದನ್ನು ಒಪ್ಪುತ್ತದೆ, ಯೂನಿಕೋಡ್ ಅಕ್ಷರಗಳಲ್ಲಿ ಟ್ಯಾಗ್ ಹೆಸರಿಡಬಹುದು. ನಿಮ್ಮ ನಿಜವಾದ ಫೈಲಿನಲ್ಲಿ ಮಾತ್ರ ನಿಮ್ಮ ಸ್ಕೀಮಾ ಯಾವ ಹೆಸರು ಕೇಳುತ್ತದೋ ಅದನ್ನೇ ಅಕ್ಷರಶಃ ಹಾಕಿ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ.

ಏನೇನು ಬೇಕು

ನಿಮ್ಮ ಎನ್‌ಎಂಎಸ್ ಆವೃತ್ತಿಗೆ ಹೊಂದುವ ಎಕ್ಸ್‌ಎಸ್‌ಡಿ ಫೈಲುಗಳು. ಆವೃತ್ತಿ ಮುಖ್ಯ: ಹಿಂದಿನ ಬಿಡುಗಡೆಯ ಸ್ಕೀಮಾ ಇಟ್ಟುಕೊಂಡು ಹೊಸ ಬಿಡುಗಡೆಗೆ ಫೈಲ್ ಬರೆದರೆ ಚೆಕ್ ಪಾಸಾಗಿ ಲೋಡ್ ವಿಫಲವಾಗುತ್ತದೆ. ಎಕ್ಸ್‌ಎಂಎಲ್ ಅರ್ಥವಾಗುವ ಒಂದು ಎಡಿಟರ್. ಕಮಾಂಡ್ ಲೈನಿನಲ್ಲಿ ಎಕ್ಸ್‌ಎಂಎಲ್‌ಲಿಂಟ್, ಇದು ಲಿಬ್‌ಎಕ್ಸ್‌ಎಂಎಲ್2 ಜೊತೆ ಉಚಿತವಾಗಿ ಸಿಗುತ್ತದೆ. ಗಿಟ್ ಅಥವಾ ಅಂಥ ಯಾವುದಾದರೂ ಆವೃತ್ತಿ ಕಾಯುವ ವ್ಯವಸ್ಥೆ. ಮತ್ತು ಪ್ಲಾನಿಂಗ್ ತಂಡ ಕೊಟ್ಟ ಪ್ಯಾರಾಮೀಟರ್ ಶೀಟ್. ಈ ಶೀಟ್ ವಿಷಯದಲ್ಲಿ ಎಚ್ಚರ ಇರಲಿ, ಯಾಕೆ ಅಂತ 5ನೇ ಹಂತದಲ್ಲಿ ಹೇಳುತ್ತೇನೆ.

1. ಖಾಲಿ ಫೈಲಿನಿಂದ ಶುರು ಮಾಡಬೇಡಿ, ಒಂದು ಎಕ್ಸ್‌ಪೋರ್ಟ್ ತೆಗೆಯಿರಿ

ನಿಮ್ಮ ಎನ್‌ಎಂಎಸ್‌ನಲ್ಲಿ ಈಗಾಗಲೇ ಒಂದಾದರೂ ಎನ್‌ಇ ಚಾಲ್ತಿಯಲ್ಲಿದ್ದರೆ ಅದನ್ನು ಎಕ್ಸ್‌ಪೋರ್ಟ್ ಮಾಡಿ. ಆ ಫೈಲೇ ನಿಮ್ಮ ಗುರು. ಕೈಪಿಡಿಯಲ್ಲಿ ಹೇಳದ ಎಷ್ಟೋ ಸಂಗತಿ ಅದರಲ್ಲಿ ಕಾಣಿಸುತ್ತದೆ: ಯಾವ ಟ್ಯಾಗ್ ಯಾವ ಕ್ರಮದಲ್ಲಿ ಬರುತ್ತದೆ, ಖಾಲಿ ಮೌಲ್ಯವನ್ನು ಹೇಗೆ ಬರೆಯುತ್ತದೆ, ಐಡಿಗಳು 0ಯಿಂದ ಶುರುವೋ 1ರಿಂದಲೋ.

ಮೊಬೈಲ್ ಜಾಲದ ಕಡೆ ಕೆಲಸ ಮಾಡುವವರಿಗೆ ಸಿಗುವ ಫೈಲ್ ಬಹುತೇಕ 3ಜಿಪಿಪಿಯ (ಮೊಬೈಲ್ ಜಾಲಗಳ ಪ್ರಮಾಣ ರೂಪಿಸುವ ಸಂಸ್ಥೆ) ಬಲ್ಕ್ ಸಿಎಂ ಮಾದರಿಯದ್ದು. ಬಲ್ಕ್ ಸಿಎಂ ಅಂದರೆ ಒಂದೊಂದೇ ಪ್ಯಾರಾಮೀಟರ್ ಬದಲು ಇಡೀ ಕಾನ್ಫಿಗರೇಶನ್ನನ್ನು ಫೈಲಿನಲ್ಲಿ ಸಾಗಿಸುವ ಪದ್ಧತಿ. 3ಜಿಪಿಪಿಯ 32.615 ದಾಖಲೆಯಲ್ಲಿ ಇದರ ಎಕ್ಸ್‌ಎಂಎಲ್ ರೂಪ ಇದೆ. ರಚನೆ ಸರಳ: ಮೇಲೆ ಫೈಲ್ ಹೆಡರ್, ನಡುವೆ ಕಾನ್ಫಿಗ್ ಡೇಟಾ, ಕೊನೆಗೆ ಫೈಲ್ ಫೂಟರ್. ಎನ್‌ಇಗಳೆಲ್ಲ ನಡುವಿನ ಭಾಗದಲ್ಲಿ. ರೂಟರ್, ಆಪ್ಟಿಕಲ್ ಸಾಧನಗಳ ಕಡೆಯವರಿಗೆ ಸಾಮಾನ್ಯವಾಗಿ ಎದುರಾಗುವುದು ನೆಟ್‌ಕಾನ್ಫ್, ಅಂದರೆ ಸಾಧನದ ಜೊತೆ ಎಕ್ಸ್‌ಎಂಎಲ್‌ನಲ್ಲೇ ಮಾತಾಡುವ ಪ್ರೋಟೋಕಾಲ್. ಅದರ ಈಗಿನ ನಿಯಮ ಇರುವುದು 2011ರ ಆರ್‌ಎಫ್‌ಸಿ 6241 ಎಂಬ ದಾಖಲೆಯಲ್ಲಿ. ಅಲ್ಲಿ ಎಕ್ಸ್‌ಎಸ್‌ಡಿ ಜಾಗದಲ್ಲಿ ಯಾಂಗ್ ಎಂಬ ಮಾಡೆಲ್ ಭಾಷೆ ನಿಯಮ ಹೇಳುತ್ತದೆ. ಟ್ಯಾಗ್‌ಗಳು ಬೇರೆ, ಆದರೆ ಕೆಳಗಿನ ಹಂತಗಳು ಎರಡಕ್ಕೂ ಹೊಂದುತ್ತವೆ.

2. ಮರವನ್ನು ಕಾಗದದ ಮೇಲೆ ಬರೆಯಿರಿ

ಎಕ್ಸ್‌ಎಂಎಲ್ ಒಂದು ಮರ. ನಿಮ್ಮ ಜಾಲವೂ ಅರ್ಧ ಮಟ್ಟಿಗೆ ಮರವೇ: ಉಪಜಾಲದ ಒಳಗೆ ಎನ್‌ಇ, ಎನ್‌ಇ ಒಳಗೆ ಅದರ ಫಂಕ್ಷನ್ (ಅದು ಮಾಡುವ ಕೆಲಸ), ಫಂಕ್ಷನ್ ಒಳಗೆ ಸೆಲ್ (ಬೇಸ್ ಸ್ಟೇಷನ್ನಿನ ಒಂದು ರೇಡಿಯೋ ವ್ಯಾಪ್ತಿ). ಇದಕ್ಕೆ ಕಂಟೈನ್‌ಮೆಂಟ್ ಅನ್ನುತ್ತಾರೆ, ಯಾವುದು ಯಾವುದರ ಹೊಟ್ಟೆಯೊಳಗೆ ಎಂಬ ಸಂಬಂಧ. 3ಜಿಪಿಪಿ ಮಾದರಿಯಲ್ಲಿ 4ಜಿ ಬೇಸ್ ಸ್ಟೇಷನ್ ಆದರೆ ಸಬ್‌ನೆಟ್‌ವರ್ಕ್, ಮ್ಯಾನೇಜ್ಡ್ ಎಲಿಮೆಂಟ್, ಇಎನ್‌ಬಿ ಫಂಕ್ಷನ್, ಸೆಲ್, ಹೀಗೆ ಇಳಿಯುತ್ತದೆ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಅದೇ ಬೇಸ್ ಸ್ಟೇಷನ್ನಿಗೆ ಇನ್ನೊಂದು ಮರವೂ ಇದೆ, ರ್ಯಾಕ್, ಶೆಲ್ಫ್, ಸ್ಲಾಟ್, ಕಾರ್ಡ್, ಪೋರ್ಟ್. ಇದು ಕೈಯಲ್ಲಿ ಮುಟ್ಟಬಹುದಾದ ಹಾರ್ಡ್‌ವೇರ್ ಮರ, ಹಿಂದಿನದು ಕೆಲಸದ ಮರ. ಎರಡನ್ನೂ ಬೆರೆಸಿ ಸೆಲ್‌ಗಳನ್ನು ಕಾರ್ಡಿನ ಒಳಗೆ ಬರೆದರೆ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಆ ಕಾರ್ಡ್ ಕೆಟ್ಟು ಬೇರೆ ಸ್ಲಾಟಿಗೆ ಹೋದ ದಿನ ಎಲ್ಲ ಸೆಲ್‌ಗಳ ವಿಳಾಸ ಬದಲಾಗುತ್ತದೆ, ಅವುಗಳ ಹಳೆ ಅಲಾರಂ, ಅಂಕಿ ಅಂಶ ಎಲ್ಲ ಅನಾಥ. ಎರಡು ಮರ ಬೇರೆ ಬೇರೆ ಬರೆದು, ಸೆಲ್ ಯಾವ ಕಾರ್ಡ್ ಬಳಸುತ್ತದೆ ಎಂಬುದನ್ನು ಒಂದು ಉಲ್ಲೇಖವಾಗಿ, ಅಂದರೆ ರೆಫರೆನ್ಸ್ ಆಗಿ ಇಡಿ.

ಇನ್ನು ಲಿಂಕ್. ಎರಡು ಎನ್‌ಇ ನಡುವಿನ ಲಿಂಕ್ ಯಾರ ಹೊಟ್ಟೆಗೂ ಸೇರಿದ್ದಲ್ಲ. ಅದನ್ನು ಒಂದು ತುದಿಯ ಒಳಗೆ ತುರುಕಬೇಡಿ. ಎರಡಕ್ಕೂ ಮೇಲಿರುವ ಉಪಜಾಲದ ಮಟ್ಟದಲ್ಲಿ ಬರೆದು ಎರಡೂ ತುದಿಯನ್ನು ಹೆಸರಿನಿಂದ ತೋರಿಸಿ.

3. ಹೆಸರು ಗಟ್ಟಿ ಮಾಡಿ

ಪ್ರತಿ ವಸ್ತುವಿಗೂ ಎರಡು ಹೆಸರು ಬೇಕು. ಒಂದು ಯಂತ್ರಕ್ಕೆ, ಅದು ಐಡಿ. ಇನ್ನೊಂದು ಮನುಷ್ಯರಿಗೆ, ಅದು ಲೇಬಲ್. ಐಡಿ ಹುಟ್ಟಿದಾಗಿನಿಂದ ಸಾಯುವತನಕ ಬದಲಾಗಬಾರದು. ಲೇಬಲ್ ಬೇಕಾದಾಗ ಬದಲಾಗಬಹುದು. ಇಷ್ಟೇ ನಿಯಮ, ಆದರೆ ಮುರಿಯುವವರೇ ಜಾಸ್ತಿ.

ಹೇಗೆ ಮುರಿಯುತ್ತಾರೆ ಅಂದರೆ, ಐಡಿಯೊಳಗೆ ಮಾಹಿತಿ ತುಂಬುತ್ತಾರೆ. ಊರಿನ ಹೆಸರು, ಸಾಧನದ ಕಂಪನಿ, ಐಪಿ ವಿಳಾಸ, 3ಜಿ ಅಥವಾ 4ಜಿ ಎಂಬ ಗುರುತು. ಓದಲು ಸುಲಭ ಅಲ್ವಾ ಅನ್ನಿಸುತ್ತದೆ, ಸರಿ. ಆದರೆ ಐಪಿ ಬದಲಾಗುತ್ತದೆ, ಸಾಧನ ಬದಲಾಗುತ್ತದೆ, 4ಜಿ ಇದ್ದ ಜಾಗಕ್ಕೆ 5ಜಿ ಬರುತ್ತದೆ, ಆಗ ಐಡಿ ಸುಳ್ಳು ಹೇಳಲು ಶುರು ಮಾಡುತ್ತದೆ. ಐಡಿ ಬದಲಿಸೋಣ ಅಂದರೆ ಅದನ್ನು ತೋರಿಸುವ ನೆರೆ ಸೆಲ್ ಪಟ್ಟಿ, ಲಿಂಕ್, ವರದಿ, ಬಿಲ್ಲಿಂಗ್ ಕಡೆಯ ಕೊಂಡಿ ಎಲ್ಲವನ್ನೂ ಹುಡುಕಿ ಬದಲಿಸಬೇಕು. ಅರ್ಥವಿಲ್ಲದ ಒಂದು ನಂಬರ್ ಸಾಕು. ಅರ್ಥ ಎಲ್ಲ ಲೇಬಲ್‌ನಲ್ಲಿ ಇರಲಿ.

ಒಂದು ವಸ್ತುವಿನ ಪೂರ್ತಿ ಹೆಸರನ್ನು ಡಿಎನ್ ಅನ್ನುತ್ತಾರೆ, ಡಿಸ್ಟಿಂಗ್ವಿಶ್ಡ್ ನೇಮ್. ಮರದ ಬೇರಿನಿಂದ ಆ ವಸ್ತುವಿನವರೆಗೆ ಬರುವ ಎಲ್ಲ ಐಡಿಗಳನ್ನು ಪೋಣಿಸಿದ ಸಾಲು ಅದು. ಹೀಗೆ:

ಉಪಜಾಲ=1,ಎನ್‌ಇ=10417,ಫಂಕ್ಷನ್=1,ಸೆಲ್=3

3ಜಿಪಿಪಿ ಪದ್ಧತಿಯಲ್ಲಿ ಬೇರು ಎಡಗಡೆ, ಎಲೆ ಬಲಗಡೆ. ಎಲ್‌ಡಿಎಪಿ (ಡೈರೆಕ್ಟರಿ ಹುಡುಕುವ ಪ್ರೋಟೋಕಾಲ್) ಬಳಸಿ ಅಭ್ಯಾಸ ಇರುವವರಿಗೆ ಇದು ತಿರುಗುಮುರುಗು ಅನ್ನಿಸುತ್ತದೆ, ನೆನಪಿರಲಿ. ಸೆಲ್ 3 ಎಂಬ ಐಡಿ ಆ ಫಂಕ್ಷನ್ ಒಳಗೆ ಮಾತ್ರ ಒಂದೇ ಇದ್ದರೆ ಸಾಕು. ಪಕ್ಕದ ಬೇಸ್ ಸ್ಟೇಷನ್ನಿನಲ್ಲೂ ಸೆಲ್ 3 ಇರಬಹುದು. ಪೂರ್ತಿ ಡಿಎನ್ ಮಾತ್ರ ಇಡೀ ಜಾಲದಲ್ಲಿ ಒಂದೇ.

ಇದರಿಂದಲೇ ಎರಡು ತಪ್ಪು ಹುಟ್ಟುತ್ತವೆ. ಒಂದು, ಉಲ್ಲೇಖ ಕೊಡುವಾಗ ಬರೀ "3" ಅಂತ ಬರೆಯುವುದು. ಯಾವ 3? ಪೂರ್ತಿ ಡಿಎನ್ ಬರೆಯಿರಿ. ಎರಡನೆಯದು, ಬಲ್ಕ್ ಸಿಎಂ ಫೈಲಿನಲ್ಲಿ ಕಾನ್ಫಿಗ್ ಡೇಟಾ ಟ್ಯಾಗಿಗೆ ಡಿಎನ್ ಪ್ರಿಫಿಕ್ಸ್ ಎಂಬ ಆಟ್ರಿಬ್ಯೂಟ್ ಇರುತ್ತದೆ, ಒಳಗಿನ ಹೆಸರುಗಳಿಗೆಲ್ಲ ಮುಂದೆ ಸೇರಬೇಕಾದ ಭಾಗ ಅದು. ಕೆಲವರು ಅದನ್ನು ಅಲ್ಲೂ ಬರೆದು, ಒಳಗಿನ ಮರದಲ್ಲಿ ಅದೇ ಮೇಲಿನ ಮಟ್ಟಗಳನ್ನು ಮತ್ತೆ ಬರೆಯುತ್ತಾರೆ. ಆಗ ಪ್ರಿಫಿಕ್ಸ್ ಎರಡು ಸಲ ಸೇರಿ ಯಾವುದೂ ಇಲ್ಲದ ವಿಳಾಸ ಹುಟ್ಟುತ್ತದೆ. ಸ್ಕೀಮಾಗೆ ಇದು ಬರೀ ಒಂದು ಸ್ಟ್ರಿಂಗ್, ಹಾಗಾಗಿ ಚೆಕ್ ಪಾಸ್.

ಐಡಿಯಲ್ಲಿ ಅಲ್ಪವಿರಾಮ, ಸಮ ಚಿಹ್ನೆ, ಖಾಲಿ ಜಾಗ ಹಾಕಬೇಡಿ. ಅಲ್ಪವಿರಾಮ ಮತ್ತು ಸಮ ಚಿಹ್ನೆ ಡಿಎನ್ ಒಳಗೆ ಬೇರೆ ಕೆಲಸಕ್ಕೆ ಮೀಸಲು. ಕೊನೆಯಲ್ಲಿ ಅಂಟಿಕೊಂಡ ಒಂದು ಸ್ಪೇಸ್ ಇದೆಯಲ್ಲ, ಅದರಷ್ಟು ಕಾಡುವುದು ಇನ್ನೊಂದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಹೋಲಿಕೆಯಲ್ಲಿ ಮಾತ್ರ ಬೇರೆ ಹೆಸರಾಗಿಬಿಡುತ್ತದೆ.

ನೀವೇ ಸ್ಕೀಮಾ ಬರೆಯುತ್ತಿದ್ದರೆ ಇನ್ನೊಂದು ಮಾತು. ಐಡಿ ಆಟ್ರಿಬ್ಯೂಟಿಗೆ ಎಕ್ಸ್‌ಎಸ್‌ಡಿಯ "ಐಡಿ" ಎಂಬ ಡೇಟಾ ಟೈಪನ್ನೇ ಕೊಡಬೇಡಿ. ಆ ಟೈಪಿನ ಮೌಲ್ಯ ಅಂಕಿಯಿಂದ ಶುರುವಾಗುವಂತಿಲ್ಲ, ಇಡೀ ಫೈಲಿನಲ್ಲಿ ಎರಡು ಸಲ ಬರುವಂತೆಯೂ ಇಲ್ಲ. ಎರಡೂ ನಮಗೆ ಒಗ್ಗುವುದಿಲ್ಲ. ಬದಲಿಗೆ ಸ್ಟ್ರಿಂಗ್ ಅಥವಾ ಟೋಕನ್ ಟೈಪ್ ಕೊಟ್ಟು, ಒಂದೇ ತಾಯಿಯ ಒಳಗೆ ಎರಡು ಸಲ ಬರಬಾರದು ಎಂಬ ನಿಯಮವನ್ನು ಕೀ ಎಂಬ ಸೌಲಭ್ಯದಿಂದ ಹಾಕಿ. ಟೋಕನ್ ಟೈಪಿನಲ್ಲಿ ಮೌಲ್ಯದ ಆಚೀಚೆಯ ಸ್ಪೇಸ್ ತಾನಾಗಿ ಉದುರುತ್ತದೆ, ಮೇಲಿನ ಕಾಟ ಅರ್ಧ ಕಮ್ಮಿ.

4. ಒಂದೇ ಒಂದು ಎನ್‌ಇ ಬರೆಯಿರಿ

ಎಲ್ಲವನ್ನೂ ಒಟ್ಟಿಗೆ ಬರೆಯಲು ಹೋಗಬೇಡಿ. ಒಂದು ಎನ್‌ಇ, ಒಂದು ಫಂಕ್ಷನ್, ಒಂದು ಸೆಲ್ ಸಾಕು.

<ಉಪಜಾಲ ಐಡಿ="1">
  <ಎನ್ಇ ಐಡಿ="10417">
    <ಗುಣಗಳು>
      <ಲೇಬಲ್>ಬೆಟ್ಟದ ಟವರ್ &amp; ಹಳೆ ಕಟ್ಟಡ</ಲೇಬಲ್>
      <ಬಗೆ>ಬೇಸ್ ಸ್ಟೇಷನ್</ಬಗೆ>
    </ಗುಣಗಳು>
    <ಫಂಕ್ಷನ್ ಐಡಿ="1">
      <ಗುಣಗಳು>
        <ಸ್ಟೇಷನ್_ನಂಬರ್>100001</ಸ್ಟೇಷನ್_ನಂಬರ್>
      </ಗುಣಗಳು>
      <ಸೆಲ್ ಐಡಿ="3">
        <ಗುಣಗಳು>
          <ಸ್ಥಳೀಯ_ನಂಬರ್>3</ಸ್ಥಳೀಯ_ನಂಬರ್>
          <ಪಿಸಿಐ>127</ಪಿಸಿಐ>
          <ಎಂಎನ್‌ಸಿ>01</ಎಂಎನ್‌ಸಿ>
        </ಗುಣಗಳು>
      </ಸೆಲ್>
    </ಫಂಕ್ಷನ್>
  </ಎನ್ಇ>
</ಉಪಜಾಲ>

ಮಾದರಿ ಗಮನಿಸಿ: ಗುರುತು ಹೇಳುವ ಐಡಿ ಮಾತ್ರ ಆಟ್ರಿಬ್ಯೂಟ್, ಉಳಿದ ಗುಣಗಳೆಲ್ಲ ಒಂದು ಚೀಲದಂಥ ಟ್ಯಾಗಿನೊಳಗೆ, ಅದಾದ ಮೇಲೆ ಮಕ್ಕಳು. 3ಜಿಪಿಪಿ ಫೈಲುಗಳೂ ಹೀಗೇ ಇರುತ್ತವೆ. ನಿಮ್ಮದೇ ಮಾದರಿ ಕಟ್ಟುವಾಗಲೂ ಇದನ್ನೇ ಅನುಸರಿಸಿ ಅನ್ನುತ್ತೇನೆ. ಆಟ್ರಿಬ್ಯೂಟಿನೊಳಗೆ ಮುಂದೆ ಪಟ್ಟಿ ಸೇರಿಸಲು ಆಗುವುದಿಲ್ಲ, ಒಂದೇ ಟ್ಯಾಗಿನಲ್ಲಿ ಒಂದು ಆಟ್ರಿಬ್ಯೂಟ್ ಎರಡು ಸಲ ಬರುವಂತಿಲ್ಲ. ಇವತ್ತು ಒಂದು ಐಪಿ ಇರುವ ಎನ್‌ಇಗೆ ನಾಳೆ ಎರಡು ಬರಬಹುದು.

ಲೇಬಲ್‌ನಲ್ಲಿರುವ ಆ ವಿಚಿತ್ರ ಗುರುತು ನೋಡಿದಿರಾ? ಆಂಪರ್‌ಸ್ಯಾಂಡ್ ಚಿಹ್ನೆಯನ್ನು ಎಕ್ಸ್‌ಎಂಎಲ್‌ನಲ್ಲಿ ನೇರ ಬರೆಯುವಂತಿಲ್ಲ, ಹಾಗೆ ಸುತ್ತಿ ಬರೆಯಬೇಕು. "ಇದಕ್ಕಿಂತ ಕಡಿಮೆ" ಚಿಹ್ನೆಗೂ ಇದೇ ಗತಿ. ಸೈಟ್ ಹೆಸರುಗಳಲ್ಲಿ ಆಂಪರ್‌ಸ್ಯಾಂಡ್ ನುಸುಳುವುದು ತೀರಾ ಸಾಮಾನ್ಯ. ಕಾಮೆಂಟಿನ ಒಳಗೆ ಜೋಡಿ ಹೈಫನ್ ಕೂಡ ನಿಷಿದ್ಧ. ಸಾಧನದ ಕಮಾಂಡನ್ನು ಕಾಪಿ ಮಾಡಿ ಕಾಮೆಂಟಿನಲ್ಲಿ ಅಂಟಿಸಿದವರಿಗೆ ಇದು ಬೇಗ ಗೊತ್ತಾಗುತ್ತದೆ.

ಗುಣಗಳ ಕ್ರಮ ಬದಲಿಸಬೇಡಿ. ಆಟ್ರಿಬ್ಯೂಟುಗಳು ಹಿಂದೆ ಮುಂದೆ ಆದರೆ ನಡೆಯುತ್ತದೆ. ಸ್ಕೀಮಾದಲ್ಲಿ ಸೀಕ್ವೆನ್ಸ್ ಅಂತ ಇದ್ದ ಕಡೆ ಟ್ಯಾಗುಗಳು ಹೇಳಿದ ಕ್ರಮದಲ್ಲೇ ಬರಬೇಕು.

5. ಮೌಲ್ಯಗಳು: ಶೀಟಿನಿಂದ ಫೈಲಿಗೆ ಬರುವಾಗ ಕೆಡುವುದು ಇಲ್ಲೇ

ನಂಬರಿನಂತೆ ಕಾಣುವುದೆಲ್ಲ ನಂಬರಲ್ಲ. ಎಂಎನ್‌ಸಿ ನೋಡಿ, ಮೊಬೈಲ್ ಜಾಲವನ್ನು ಗುರುತಿಸುವ ಕೋಡ್. ಅದು ಎರಡು ಅಂಕಿಯದ್ದೂ ಆಗಬಹುದು, ಮೂರು ಅಂಕಿಯದ್ದೂ ಆಗಬಹುದು. 01 ಬೇರೆ, 001 ಬೇರೆ. ಸ್ಪ್ರೆಡ್‌ಶೀಟ್‌ನಲ್ಲಿ ಅದನ್ನು ಸಾಮಾನ್ಯ ಕಾಲಂಗೆ ಹಾಕಿದ ತಕ್ಷಣ ಎರಡೂ 1 ಆಗುತ್ತವೆ. ಸ್ಕೀಮಾದಲ್ಲಿ ಅದಕ್ಕೆ ಇಂಟಿಜರ್ ಟೈಪ್ ಕೊಟ್ಟಿದ್ದರೂ ಅದೇ ಕಥೆ. ಎಂಸಿಸಿ (ದೇಶದ ಕೋಡ್), ಎಂಎನ್‌ಸಿ, ಫೋನ್ ನಂಬರ್, ಸೀರಿಯಲ್ ನಂಬರ್ ಎಲ್ಲವೂ ಸ್ಟ್ರಿಂಗ್, ಉದ್ದ ಮತ್ತು ಅಂಕಿಗಳ ಮೇಲೆ ಪ್ಯಾಟರ್ನ್ ನಿಯಮ.

ಸ್ಪ್ರೆಡ್‌ಶೀಟ್ ಇನ್ನೂ ಎರಡು ಆಟ ಆಡುತ್ತದೆ. ಸ್ಲಾಟ್ 1, ಪೋರ್ಟ್ 2 ಎಂಬುದನ್ನು 1/2 ಅಂತ ಬರೆದರೆ ತಾರೀಖು ಮಾಡಿಕೊಳ್ಳುತ್ತದೆ. ಎಕ್ಸೆಲ್ ಸಂಖ್ಯೆಗಳನ್ನು 15 ಅಂಕಿಯವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಉದ್ದದ ಸೀರಿಯಲ್ ನಂಬರಿನ ಬಾಲ ಸೊನ್ನೆಯಾಗುತ್ತದೆ. ಡೇಟಾ ಹಾಕುವ ಮುಂಚೆಯೇ ಇಡೀ ಶೀಟನ್ನು ಟೆಕ್ಸ್ಟ್ ಫಾರ್ಮ್ಯಾಟಿಗೆ ಬದಲಿಸಿ. ಆಮೇಲೆ ಬದಲಿಸಿದರೆ ಕಳೆದದ್ದು ವಾಪಸ್ ಬರುವುದಿಲ್ಲ.

ಮಿತಿಗಳನ್ನು ಸ್ಕೀಮಾದಲ್ಲೇ ಹಾಕಿದಷ್ಟೂ ಒಳ್ಳೆಯದು. ಪಿಸಿಐ, ಅಂದರೆ ಫೋನು ಸೆಲ್ಲನ್ನು ರೇಡಿಯೋದಲ್ಲಿ ಗುರುತಿಸುವ ನಂಬರ್, 4ಜಿಯಲ್ಲಿ 0ಯಿಂದ 503, 5ಜಿಯಲ್ಲಿ 0ಯಿಂದ 1007. 4ಜಿ ಟ್ರ್ಯಾಕಿಂಗ್ ಏರಿಯಾ ಕೋಡ್ (ಫೋನು ಎಲ್ಲಿದೆ ಎಂದು ತಿಳಿಯಲು ಜಾಲ ಬಳಸುವ ಸೆಲ್ ಗುಂಪಿನ ನಂಬರ್) 16 ಬಿಟ್, 5ಜಿಯದ್ದು 24 ಬಿಟ್. ಹಳೆ ಸ್ಕೀಮಾ ಕಾಪಿ ಮಾಡಿದವರ 5ಜಿ ಫೈಲ್ 65535ರ ಮೇಲೆ ಹೋದಾಗ ಬೀಳುವುದು ಈ ಕಾರಣಕ್ಕೆ.

ಲೆಕ್ಕ ಹಾಕಿ ಬರುವ ಮೌಲ್ಯಗಳನ್ನು ಕೈಯಿಂದ ಬರೆಯಬೇಡಿ. 4ಜಿಯಲ್ಲಿ ಇಡೀ ಜಾಲಕ್ಕೆ ಗೊತ್ತಿರುವ ಸೆಲ್ ನಂಬರ್ 28 ಬಿಟ್: ಮೊದಲ 20 ಬಿಟ್ ಸ್ಟೇಷನ್ ನಂಬರ್, ಕೊನೆಯ 8 ಬಿಟ್ ಸ್ಥಳೀಯ ಸೆಲ್ ನಂಬರ್. ಅಂದರೆ ಸ್ಟೇಷನ್ ನಂಬರನ್ನು 256ರಿಂದ ಗುಣಿಸಿ ಸೆಲ್ ನಂಬರ್ ಕೂಡಬೇಕು. ಮೇಲಿನ ಉದಾಹರಣೆಯಲ್ಲಿ 100001 ಗುಣಿಸು 256, ಕೂಡು 3, ಒಟ್ಟು 25600259. ಫೈಲಿನಲ್ಲಿ ಎರಡು ಮೂಲ ನಂಬರ್ ಇದ್ದು ಮೂರನೆಯದನ್ನೂ ಬರೆದರೆ ಒಂದಲ್ಲ ಒಂದು ದಿನ ಅವು ಒಂದಕ್ಕೊಂದು ಹೊಂದುವುದಿಲ್ಲ. ಎಸ್‌ಎಸ್7 (ಫೋನ್ ಜಾಲದ ನೋಡ್‌ಗಳು ಪರಸ್ಪರ ಸಂದೇಶ ಕಳಿಸುವ ಪದ್ಧತಿ) ಸಿಗ್ನಲಿಂಗ್ ಪಾಯಿಂಟ್ ಕೋಡ್ ಕೂಡ ಹೀಗೆಯೇ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಪದ್ಧತಿಯಲ್ಲಿ ಅದು 14 ಬಿಟ್, 3-8-3 ಅಂತ ಒಡೆದು ಬರೆಯುತ್ತಾರೆ. 2-100-3 ಎಂಬುದು ಒಂದೇ ಸಂಖ್ಯೆಯಾಗಿ ಬರೆದರೆ 4899. ಒಬ್ಬರು ಒಡೆದು, ಇನ್ನೊಬ್ಬರು ಒಟ್ಟಾಗಿ ಬರೆದ ಫೈಲುಗಳನ್ನು ಜೋಡಿಸುವ ಕಷ್ಟ ಬೇಡ, ಒಂದು ರೂಪ ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಅಳತೆಯ ಘಟಕ. ಪವರ್ 43 ಅಂದರೆ ಏನು? 43 ಡಿಬಿಎಂ ಆದರೆ ಸುಮಾರು 20 ವ್ಯಾಟ್. ಕೆಲವು ಸಾಧನಗಳು ಡಿಬಿಎಂನ ಹತ್ತನೇ ಒಂದು ಭಾಗದಲ್ಲಿ ಕೇಳುತ್ತವೆ, ಅಲ್ಲಿ 430 ಬರೆಯಬೇಕು. ಆವರ್ತನವೂ ಹಾಗೇ. 4ಜಿ ಬ್ಯಾಂಡ್ 3ರಲ್ಲಿ 1300 ಅಂತ ಕಂಡರೆ ಅದು ಮೆಗಾಹರ್ಟ್ಸ್ ಅಲ್ಲ, ಚಾನಲ್ ನಂಬರ್. ಡೌನ್‌ಲಿಂಕ್ ಆವರ್ತನ 1815 ಮೆಗಾಹರ್ಟ್ಸ್. ನಿಮ್ಮದೇ ಸ್ಕೀಮಾ ಆದರೆ ಘಟಕವನ್ನು ಟ್ಯಾಗಿನ ಹೆಸರಿನಲ್ಲೇ ಸೇರಿಸಿಬಿಡಿ, ಯಾರೂ ಕೈಪಿಡಿ ಹುಡುಕಬೇಕಾಗಿಲ್ಲ.

ಚಿಲ್ಲರೆ ವಿಷಯಗಳು: ಹೌದು ಅಲ್ಲ ಬಗೆಯ ಗುಣಕ್ಕೆ ಎಕ್ಸ್‌ಎಸ್‌ಡಿ ಒಪ್ಪುವುದು ಚಿಕ್ಕಕ್ಷರದ ಟ್ರೂ, ಫಾಲ್ಸ್, ಇಲ್ಲವೇ 1, 0. ದೊಡ್ಡಕ್ಷರದಿಂದ ಶುರುವಾದರೆ ಒಪ್ಪುವುದಿಲ್ಲ. ಅಕ್ಷಾಂಶ ರೇಖಾಂಶ ಅದಲುಬದಲಾಗಿಲ್ಲವೇ ಅಂತ ನಕ್ಷೆಯ ಮೇಲೆ ಒಮ್ಮೆ ನೋಡಿ, ಸಮುದ್ರದಲ್ಲಿ ನಿಂತ ಟವರ್ ತಕ್ಷಣ ಕಣ್ಣಿಗೆ ಬೀಳುತ್ತದೆ. ಸಮಯಕ್ಕೆ ಟೈಮ್‌ಝೋನ್ ಸೇರಿಸಿ.

6. ಲಿಂಕ್ ಮತ್ತು ನೆರೆ ಸೆಲ್

ಈಗ ಎರಡನೇ ಎನ್‌ಇ ಸೇರಿಸಿ, ಎರಡರ ನಡುವೆ ಸಂಬಂಧ ಬರೆಯಿರಿ.

<ಲಿಂಕ್ ಐಡಿ="88">
  <ಗುಣಗಳು>
    <ತುದಿ_ಎ>ಉಪಜಾಲ=1,ಎನ್‌ಇ=10417,ಪೋರ್ಟ್=2</ತುದಿ_ಎ>
    <ತುದಿ_ಬಿ>ಉಪಜಾಲ=1,ಎನ್‌ಇ=10533,ಪೋರ್ಟ್=1</ತುದಿ_ಬಿ>
  </ಗುಣಗಳು>
</ಲಿಂಕ್>

ಒಂದು ಲಿಂಕನ್ನು ಎ-ಬಿ ಅಂತ ಒಮ್ಮೆ, ಬಿ-ಎ ಅಂತ ಇನ್ನೊಮ್ಮೆ ಬರೆದುಬಿಡುವುದು ಸಾಮಾನ್ಯ. ಯಾವುದು ಎ ತುದಿ ಎಂಬುದಕ್ಕೆ ನಿಯಮ ಮಾಡಿಕೊಳ್ಳಿ, ಉದಾಹರಣೆಗೆ ಚಿಕ್ಕ ಐಡಿ ಯಾವಾಗಲೂ ಎ. ನೆರೆ ಸೆಲ್ ಸಂಬಂಧ, ಅಂದರೆ ಫೋನು ಚಲಿಸುವಾಗ ಕರೆಯನ್ನು ಯಾವ ಪಕ್ಕದ ಸೆಲ್ಲಿಗೆ ಒಪ್ಪಿಸಬಹುದು ಎಂಬುದು, ಇದಕ್ಕೆ ತದ್ವಿರುದ್ಧ: ಅದು ಒಂದೇ ದಿಕ್ಕಿನದ್ದು. ಸೆಲ್ 3ರಿಂದ ಸೆಲ್ 7ಕ್ಕೆ ಬರೆದರೆ ವಾಪಸ್ ದಿಕ್ಕಿನದ್ದು ತಾನಾಗಿ ಬರುವುದಿಲ್ಲ. ಮರೆತರೆ ಕರೆಗಳು ಆ ಕಡೆ ಹೋಗುತ್ತವೆ, ಈ ಕಡೆ ಬರುವಾಗ ಕಡಿಯುತ್ತವೆ, ಯಾವ ಚೆಕ್ಕಿನಲ್ಲೂ ಸಿಗುವುದಿಲ್ಲ.

ಫೈಲಿನಲ್ಲಿ ಯಾರು ಮೊದಲು ಎಂಬುದೂ ನೋಡಿ. ಎನ್‌ಎಂಎಸ್ ಮೇಲಿನಿಂದ ಕೆಳಗೆ ಒಂದೇ ಸಲ ಓದಿ ಹಾಗೇ ರಚಿಸುತ್ತಾ ಹೋದರೆ, ಇನ್ನೂ ಹುಟ್ಟದ ಎನ್‌ಇಯನ್ನು ತೋರಿಸುವ ಲಿಂಕ್ ಬಿದ್ದುಹೋಗುತ್ತದೆ. ನೆರೆ ಸೆಲ್‌ಗಳಲ್ಲಂತೂ ಪರಸ್ಪರ ತೋರಿಸುವುದರಿಂದ ಯಾವ ಕ್ರಮವೂ ಸಾಲದು. ಸುಲಭ ದಾರಿ: ಎರಡು ಫೈಲ್ ಮಾಡಿ. ಮೊದಲನೆಯದರಲ್ಲಿ ವಸ್ತುಗಳು ಮಾತ್ರ, ಎರಡನೆಯದರಲ್ಲಿ ಸಂಬಂಧಗಳು ಮಾತ್ರ.

7. ಕಂಪನಿಯ ಸ್ವಂತ ಗುಣಗಳು

ಪ್ರಮಾಣಿತ ಮಾದರಿಯಲ್ಲಿ ಇಲ್ಲದ ನೂರಾರು ಪ್ಯಾರಾಮೀಟರ್ ಪ್ರತಿ ಕಂಪನಿಯ ಸಾಧನದಲ್ಲೂ ಇರುತ್ತವೆ. 3ಜಿಪಿಪಿ ಫೈಲಿನಲ್ಲಿ ಅವಕ್ಕೆ ವಿಎಸ್ ಡೇಟಾ ಕಂಟೇನರ್ ಎಂಬ ಪ್ರತ್ಯೇಕ ಡಬ್ಬ ಇದೆ. ಅದರೊಳಗೆ ಡೇಟಾದ ಬಗೆ, ಡೇಟಾ ರೂಪದ ಆವೃತ್ತಿ, ಆಮೇಲೆ ಕಂಪನಿಯ ನೇಮ್‌ಸ್ಪೇಸಿನಲ್ಲಿ ಆ ಪ್ಯಾರಾಮೀಟರುಗಳು. ಆವೃತ್ತಿ ಸಾಲನ್ನು ಹಳೆ ಫೈಲಿನಿಂದ ಹಾಗೇ ಕಾಪಿ ಮಾಡಬೇಡಿ, ಸಾಧನದ ಸಾಫ್ಟ್‌ವೇರ್ ಬಿಡುಗಡೆಗೆ ಹೊಂದಿಸಿ.

ನೇಮ್‌ಸ್ಪೇಸಿನಲ್ಲಿ ಟ್ಯಾಗಿನ ಮುಂದಿನ ಪುಟ್ಟ ಪ್ರಿಫಿಕ್ಸ್ ಏನಿದ್ದರೂ ನಡೆಯುತ್ತದೆ, ಅದು ತೋರಿಸುವ ಪೂರ್ತಿ ವಿಳಾಸ ಮಾತ್ರ ಒಂದಕ್ಷರವೂ ತಪ್ಪಬಾರದು. ಕೊನೆಯ ಒಂದು ಸ್ಲ್ಯಾಶ್ ಜಾಸ್ತಿಯಾದರೂ ಪಾರ್ಸರಿಗೆ ಅದು ಬೇರೆ ಲೋಕ. ಸ್ಕ್ರಿಪ್ಟ್ ಬರೆದು ಟ್ಯಾಗ್ ಹುಡುಕುವವರಿಗೆ: ಫೈಲಿಗೆ ಡೀಫಾಲ್ಟ್ ನೇಮ್‌ಸ್ಪೇಸ್ ಇದ್ದರೆ ಎಕ್ಸ್‌ಪಾತ್ (ಟ್ಯಾಗ್ ಹುಡುಕುವ ಭಾಷೆ) 1.0ರಲ್ಲಿ ಪ್ರಿಫಿಕ್ಸ್ ಇಲ್ಲದ ಹೆಸರು ಏನನ್ನೂ ಹುಡುಕಿಕೊಡುವುದಿಲ್ಲ. ದೋಷವೂ ಬರುವುದಿಲ್ಲ, ಸುಮ್ನೆ ಖಾಲಿ ಉತ್ತರ ಬರುತ್ತದೆ.

8. ನಾಲ್ಕು ಜರಡಿ

ಮೊದಲನೆಯದು, ಫೈಲ್ ಎಕ್ಸ್‌ಎಂಎಲ್ ಆಗಿದೆಯೇ. ತೆರೆದ ಟ್ಯಾಗ್ ಮುಚ್ಚಿದೆಯೇ, ಎನ್‌ಕೋಡಿಂಗ್ ಸರಿಯೇ. ಮೇಲಿನ ಘೋಷಣೆ ಸಾಲಿನಲ್ಲಿ ಯುಟಿಎಫ್-8 ಅಂತ ಬರೆದು ಫೈಲನ್ನು ಬೇರೆ ಎನ್‌ಕೋಡಿಂಗಿನಲ್ಲಿ ಸೇವ್ ಮಾಡಿದರೆ ಕನ್ನಡ ಲೇಬಲ್ ಬಂದ ಸಾಲಿನಲ್ಲೇ ಎಡವುತ್ತದೆ. ಆ ಘೋಷಣೆಗೆ ಮುಂಚೆ ಒಂದು ಖಾಲಿ ಸಾಲೂ ಇರಬಾರದು.

ಎರಡನೆಯದು, ಸ್ಕೀಮಾಗೆ ಹೊಂದುತ್ತದೆಯೇ. ಎಕ್ಸ್‌ಎಂಎಲ್‌ಲಿಂಟ್‌ಗೆ ಸ್ಕೀಮಾ ಆಯ್ಕೆಯಲ್ಲಿ ಎಕ್ಸ್‌ಎಸ್‌ಡಿ ಫೈಲ್ ಕೊಟ್ಟು, ನೋಔಟ್ ಆಯ್ಕೆ ಸೇರಿಸಿದರೆ ದೋಷಗಳನ್ನಷ್ಟೇ ತೋರಿಸುತ್ತದೆ. ಅದಕ್ಕೆ ಗೊತ್ತಿರುವುದು ಎಕ್ಸ್‌ಎಸ್‌ಡಿ 1.0 ಮಾತ್ರ, 1.1ರಲ್ಲಿ ಬರೆದ ಸ್ಕೀಮಾ ಆದರೆ ಬೇರೆ ಸಾಧನ ಬೇಕು.

ಮೂರನೆಯದು ಬಹುಪಾಲು ಜನ ಬಿಟ್ಟುಬಿಡುವ ಜರಡಿ: ಉಲ್ಲೇಖಗಳು. ಲಿಂಕಿನ ತುದಿಯಲ್ಲಿ ಬರೆದ ಡಿಎನ್ ನಿಜವಾಗಿ ಎಲ್ಲಾದರೂ ಇದೆಯೇ? ಸ್ಕೀಮಾ ಅದನ್ನು ಬರೀ ಪಠ್ಯವಾಗಿ ನೋಡುತ್ತದೆ. ಎಕ್ಸ್‌ಎಸ್‌ಡಿಯಲ್ಲಿ ಕೀರೆಫ್ ಎಂಬ ಸೌಲಭ್ಯ ಇದೆ, ಆದರೆ ಅದು ಒಂದೊಂದು ಟ್ಯಾಗಿನ ಮೌಲ್ಯ ಹೋಲಿಸುತ್ತದೆ, ಮರ ಹತ್ತಿ ಡಿಎನ್ ಪೋಣಿಸುವುದಿಲ್ಲ. ಹಾಗಾಗಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಲೇಬೇಕು: ಫೈಲಿನ ಮರ ಸುತ್ತಿ ಇರುವ ಎಲ್ಲ ಡಿಎನ್‌ಗಳ ಪಟ್ಟಿ ಮಾಡು, ಉಲ್ಲೇಖಗಳ ಪಟ್ಟಿ ಮಾಡು, ಎರಡನೆಯದರಲ್ಲಿದ್ದು ಮೊದಲನೆಯದರಲ್ಲಿ ಇಲ್ಲದ್ದನ್ನು ತೋರಿಸು. ಪೈಥಾನ್‌ನಲ್ಲಿ ಮೂವತ್ತು ನಲವತ್ತು ಸಾಲು. ಎನ್‌ಎಂಎಸ್‌ನಲ್ಲಿ ಮೊದಲೇ ಇರುವ ಎನ್‌ಇಗಳನ್ನು ತೋರಿಸುವ ಉಲ್ಲೇಖಗಳಿದ್ದರೆ ಆ ಎಕ್ಸ್‌ಪೋರ್ಟನ್ನೂ ಮೊದಲ ಪಟ್ಟಿಗೆ ಸೇರಿಸಿ. ಈ ಲೇಖನದ ಮೊದಲ ಸಾಲಿನ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರಿಗೆ ಉತ್ತರ ಈ ಸ್ಕ್ರಿಪ್ಟಿನಲ್ಲೇ ಸಿಗುತ್ತದೆ.

ನಾಲ್ಕನೆಯದು ಜಾಲದ ನಿಯಮಗಳು. ಒಂದೇ ಆವರ್ತನದ ಎರಡು ನೆರೆ ಸೆಲ್‌ಗಳಿಗೆ ಒಂದೇ ಪಿಸಿಐ ಇದೆಯೇ? ಎರಡು ಎನ್‌ಇಗೆ ಒಂದೇ ಐಪಿ ಇದೆಯೇ? ಒಂದು ಪೋರ್ಟಿಗೆ ಎರಡು ಲಿಂಕ್ ಬಿದ್ದಿದೆಯೇ? ಇವಕ್ಕೆ ಸ್ಕೀಮಾಟ್ರಾನ್ ಎಂಬ ನಿಯಮ ಭಾಷೆ ಬಳಸಬಹುದು, ಅಥವಾ ಅದೇ ಪೈಥಾನ್ ಸ್ಕ್ರಿಪ್ಟಿಗೆ ಸೇರಿಸಬಹುದು. ನನಗೆ ಎರಡನೆಯದೇ ಇಷ್ಟ, ತಂಡದ ಉಳಿದವರೂ ಓದಿ ತಿದ್ದಬಲ್ಲರು.

9. ಲೋಡ್ ಮಾಡುವುದು

ಲೋಡ್ ಮಾಡುವ ಮುಂಚೆ ಈಗಿನ ಸ್ಥಿತಿಯ ಎಕ್ಸ್‌ಪೋರ್ಟ್ ತೆಗೆದಿಡಿ. ನಿಮ್ಮ ಎನ್‌ಎಂಎಸ್‌ನಲ್ಲಿ ಡ್ರೈ ರನ್, ಅಂದರೆ ಏನೂ ಬದಲಿಸದೆ ಪರೀಕ್ಷಿಸುವ ಸೌಲಭ್ಯ ಇದ್ದರೆ ಅದನ್ನು ಓಡಿಸಿ. ಆಮೇಲೆ ಒಂದೇ ಎನ್‌ಇ ಲೋಡ್ ಮಾಡಿ, ಅದನ್ನು ವಾಪಸ್ ಎಕ್ಸ್‌ಪೋರ್ಟ್ ಮಾಡಿ, ಕೊಟ್ಟ ಫೈಲಿನ ಜೊತೆ ಹೋಲಿಸಿ. ಹೋಲಿಸುವ ಮುಂಚೆ ಎರಡನ್ನೂ ಕ್ಯಾನಾನಿಕಲ್ ರೂಪಕ್ಕೆ ತನ್ನಿ, ಆಟ್ರಿಬ್ಯೂಟ್ ಕ್ರಮದಂಥ ವ್ಯತ್ಯಾಸ ಅಳಿಸಿ ಎಲ್ಲ ಒಂದೇ ಅಚ್ಚಿಗೆ ಬರುವ ರೂಪ ಅದು. ನೀವು ಬರೆಯದ ಮೌಲ್ಯಗಳು ವಾಪಸ್ ಬಂದ ಫೈಲಿನಲ್ಲಿ ಕಾಣಿಸುತ್ತವೆ; ಅವು ಡೀಫಾಲ್ಟ್‌ಗಳು, ಒಮ್ಮೆ ಓದಿ ನೋಡಿ, ಕೆಲವು ನಿಮಗೆ ಬೇಡದವೇ ಇರುತ್ತವೆ.

ಬಲ್ಕ್ ಸಿಎಂ ಫೈಲಿನಲ್ಲಿ ಪ್ರತಿ ವಸ್ತುವಿಗೂ ಮಾಡಿಫೈಯರ್ ಎಂಬ ಆಟ್ರಿಬ್ಯೂಟ್ ಹಾಕಬಹುದು: ರಚಿಸು, ತಿದ್ದು, ಅಳಿಸು. ನೆಟ್‌ಕಾನ್ಫ್‌ನಲ್ಲಿ ಅದೇ ಕೆಲಸಕ್ಕೆ ಆಪರೇಶನ್ ಇದೆ, ಏನೂ ಹೇಳದಿದ್ದರೆ ಮರ್ಜ್, ಅಂದರೆ ಇರುವುದರ ಜೊತೆ ಬೆರೆಸು. ರಿಪ್ಲೇಸ್ ಎಂಬುದರ ಬಗ್ಗೆ ಜಾಗ್ರತೆ. ಅದು ನೀವು ಗುರುತು ಹಾಕಿದ ಟ್ಯಾಗಿನ ಕೆಳಗೆ ಫೈಲಿನಲ್ಲಿ ಇಲ್ಲದ್ದನ್ನೆಲ್ಲ ಒರೆಸಿಹಾಕುತ್ತದೆ. ಒಂದು ಇಂಟರ್‌ಫೇಸ್ ತಿದ್ದಲು ಹೋಗಿ ಇಡೀ ಇಂಟರ್‌ಫೇಸ್ ಪಟ್ಟಿಯ ಮೇಲೆ ರಿಪ್ಲೇಸ್ ಹಾಕಿದರೆ ಉಳಿದವೆಲ್ಲ ಮಾಯ, ನೀವು ಒಳಬಂದ ದಾರಿಯೂ ಸೇರಿ. ಡಿಲೀಟ್ ಮತ್ತು ರಿಮೂವ್ ಬೇರೆ ಬೇರೆ: ವಸ್ತು ಇಲ್ಲದಿದ್ದರೆ ಮೊದಲನೆಯದು ದೋಷ ಕೊಡುತ್ತದೆ, ಎರಡನೆಯದು ಸುಮ್ಮನಿರುತ್ತದೆ. ಸಾಧನ ಕನ್ಫರ್ಮ್ಡ್ ಕಮಿಟ್ ಬೆಂಬಲಿಸಿದರೆ ತಪ್ಪದೆ ಬಳಸಿ. ನೀವು ಮತ್ತೆ ಖಚಿತಪಡಿಸದಿದ್ದರೆ ಸಾಧನ ತಾನಾಗಿ ಹಳೆ ಸ್ಥಿತಿಗೆ ಮರಳುತ್ತದೆ, ಬೇರೆ ಹೇಳದಿದ್ದರೆ 600 ಸೆಕೆಂಡಿಗೆ.

ಅಳಿಸುವ ಫೈಲನ್ನು ರಚಿಸುವ ಫೈಲಿನ ಉಲ್ಟಾ ಕ್ರಮದಲ್ಲಿ ಬರೆಯಿರಿ. ಮೊದಲು ಸಂಬಂಧಗಳು, ಆಮೇಲೆ ಸೆಲ್‌ಗಳು, ಆಮೇಲೆ ಫಂಕ್ಷನ್, ಕೊನೆಗೆ ಎನ್‌ಇ. ಫೈಲಿನಿಂದ ಒಂದು ಎನ್‌ಇಯ ಸಾಲುಗಳನ್ನು ತೆಗೆದು ಮತ್ತೆ ಲೋಡ್ ಮಾಡಿದರೆ ಜಾಲದಿಂದಲೂ ಹೋಗುತ್ತದೆ ಅಂದುಕೊಳ್ಳಬೇಡಿ. ಕೆಲವು ವ್ಯವಸ್ಥೆಯಲ್ಲಿ ಹೋಗುತ್ತದೆ, ಕೆಲವದರಲ್ಲಿ ಹಾಗೇ ಉಳಿಯುತ್ತದೆ. ನಿಮ್ಮದು ಯಾವ ಬಗೆ ಅಂತ ಪರೀಕ್ಷಾ ಜಾಲದಲ್ಲಿ ನೋಡಿಕೊಳ್ಳಿ.

10. ಒಂದರಿಂದ ಸಾವಿರಕ್ಕೆ

ಒಂದು ಎನ್‌ಇ ಹೋಗಿ ಬಂತು ಅಂದ ಮೇಲೆ ಉಳಿದವನ್ನು ಕೈಯಿಂದ ಬರೆಯಬೇಡಿ, ಸ್ಕ್ರಿಪ್ಟಿನಿಂದ ಹುಟ್ಟಿಸಿ. ಆದರೆ ಸ್ಟ್ರಿಂಗುಗಳನ್ನು ಅಂಟಿಸಿ ಟ್ಯಾಗ್ ಕಟ್ಟುವುದು ಬೇಡ, ಎಕ್ಸ್‌ಎಂಎಲ್ ಲೈಬ್ರರಿ ಬಳಸಿ. ಆಗ ಆಂಪರ್‌ಸ್ಯಾಂಡ್, ಎನ್‌ಕೋಡಿಂಗ್, ಮುಚ್ಚುವ ಟ್ಯಾಗ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ಐಡಿಗಳನ್ನು ಮಾತ್ರ ಸ್ಕ್ರಿಪ್ಟ್ ಪ್ರತಿ ಸಲ ಹೊಸದಾಗಿ ಎಣಿಸಿ ಕೊಡದಂತೆ ನೋಡಿಕೊಳ್ಳಿ. ಶೀಟಿನ ನಡುವೆ ಒಂದು ಸಾಲು ಸೇರಿದರೆ ಅದರ ಕೆಳಗಿನ ಎಲ್ಲ ಎನ್‌ಇಗಳ ಐಡಿ ಒಂದೊಂದು ಮುಂದೆ ಜರುಗುತ್ತದೆ. ಒಮ್ಮೆ ಕೊಟ್ಟ ಐಡಿಯನ್ನು ಬೇರೆ ಫೈಲಿನಲ್ಲಿ ಬರೆದಿಟ್ಟು ಅಲ್ಲಿಂದಲೇ ಓದಿಸಿ.

ಫೈಲ್ ನೂರಾರು ಮೆಗಾಬೈಟ್ ದಾಟಿದರೆ ಇಡೀ ಮರವನ್ನು ಮೆಮೊರಿಗೆ ತರುವ ಪಾರ್ಸರ್ ಉಸಿರುಗಟ್ಟುತ್ತದೆ. ಒಂದೊಂದೇ ಟ್ಯಾಗ್ ಓದುತ್ತಾ ಬಿಡುತ್ತಾ ಹೋಗುವ ಸ್ಟ್ರೀಮಿಂಗ್ ಪಾರ್ಸರ್ ಬಳಸಿ, ಅಥವಾ ಉಪಜಾಲಕ್ಕೊಂದರಂತೆ ಫೈಲ್ ಒಡೆಯಿರಿ. ಒಡೆದರೆ ಇನ್ನೊಂದು ಲಾಭ, ಒಂದು ಫೈಲ್ ಬಿದ್ದರೆ ಉಳಿದವು ನಿಲ್ಲುವುದಿಲ್ಲ. ಹೊರಗಿನವರು ಕಳಿಸಿದ ಫೈಲ್ ಓದುವಾಗ ಎಕ್ಸ್‌ಟರ್ನಲ್ ಎಂಟಿಟಿ, ಅಂದರೆ ಬೇರೆ ಫೈಲಿನ ಪಠ್ಯವನ್ನು ಒಳಗೆ ಎಳೆದುಕೊಳ್ಳುವ, ಸೌಲಭ್ಯವನ್ನು ಪಾರ್ಸರಿನಲ್ಲಿ ಆಫ್ ಮಾಡಿ, ಇಲ್ಲದಿದ್ದರೆ ಆ ಫೈಲು ನಿಮ್ಮ ಸರ್ವರಿನ ಬೇರೆ ಫೈಲುಗಳನ್ನು ಓದಿಸಿಕೊಳ್ಳಬಹುದು.